ಇರಲಿ ಬಿಡಿ, ಕೀಳಬೇಡಿ

ರಂಗೋಲಿ ಹಾಕಲು ಕುಕ್ಕರಗಾಲಲ್ಲಿ ಕೂತವರಿಗೆ ಮಾತ್ರ ಕಾಣುವ ಕೆಲವು ಸಂಗತಿಗಳು ಬೀದಿಯಲ್ಲಿರುತ್ತವೆ. ಗೇಟಿನ ಕೆಳಗಿನ ಸಂದಿಯಲ್ಲಿ ಸಾಲುಗಟ್ಟಿದ ಇರುವೆ, ಮೋರಿಯ ಕಲ್ಲಿನ ಬಿರುಕಿನಲ್ಲಿ ತಲೆಯೆತ್ತಿದ ಅರಳಿಯ ಎರಡೆಲೆ ಸಸಿ, ಯಾರದೋ ಅಂಗಿಯಿಂದ ಕಳಚಿ ಬಿದ್ದ ಗುಂಡಿ. ನಿಂತವರ ಕಣ್ಣಿಗೆ ಇವು ಸಿಗುವುದಿಲ್ಲ. ಜುಲೈ ತಿಂಗಳ ಒಂದು ಶನಿವಾರ, ರಾತ್ರಿಯೆಲ್ಲ ಜಿನುಗಿದ ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ, ಮೈಸೂರಿನ ನಮ್ಮ ಮನೆಯ ಮುಂದೆ ಏಳು ಚುಕ್ಕಿಯ ಸಣ್ಣ ರಂಗೋಲಿಯೊಂದನ್ನು ಬಿಡಿಸುತ್ತಿದ್ದೆ. ಕೊನೆಯ ಎಳೆ ಎಳೆದು ತಲೆ ಎತ್ತಿದರೆ ಎದುರಿಗೇ, ನನ್ನ ಮುಖದ ಮಟ್ಟಕ್ಕೇ, ನಮ್ಮ ಕಾರಿನ ಹಿಂದಿನ ಎಡಗಡೆಯ ಚಕ್ರ. ಟೈರಿನ ಕಪ್ಪು ಕಟ್ಟೆಗಳ ನಡುವೆ ಬೆಳ್ಳಿಯ ಒಂದು ಚುಕ್ಕಿ. ರಂಗೋಲಿ ಪುಡಿ ಸಿಡಿದಿರಬೇಕೆಂದು ಸೆರಗಿನ ತುದಿಯಿಂದ ಒರೆಸಿದೆ. ಹೋಗಲಿಲ್ಲ. ಬೆರಳಿಟ್ಟು ನೋಡಿದೆ. ತಣ್ಣಗಿತ್ತು, ನುಣ್ಣಗಿತ್ತು. ಸ್ಕ್ರೂ.

ಅವತ್ತು ನಾನು ಸುಳ್ಯಕ್ಕೆ ಹೊರಟಿದ್ದೆ. ಅಮ್ಮ ಅಲ್ಲಿದ್ದಾಳೆ. ಎಂಬತ್ತು ದಾಟಿದೆ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಆಮೇಲೆ ಸಂಪಾಜೆ ಘಾಟಿ ಇಳಿದು ಅರಂತೋಡಿನ ಮೇಲೆ ಸುಳ್ಯ. ಸುಮಾರು 170 ಕಿಲೋಮೀಟರ್ ದಾರಿ. ಮಳೆಗಾಲದಲ್ಲಿ ಆ ಘಾಟಿ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡವೇ ಜಾರಿ ಆ ರಸ್ತೆ ಕಡಿದುಹೋಗಿದ್ದನ್ನು ಕಂಡವರು ನಾವು. ಅಂಥ ದಾರಿಗೆ ಹೊರಡುವ ಬೆಳಿಗ್ಗೆ ಟೈರಿನಲ್ಲಿ ಸ್ಕ್ರೂ. ಮೊದಲು ಮನಸ್ಸಿಗೆ ಬಂದದ್ದು ಅದನ್ನು ಕಿತ್ತೆಸೆಯಬೇಕು ಅನ್ನುವುದು. ಒಳಗೆ ಹೋಗಿ ಇಕ್ಕಳ ತಂದೂಬಿಟ್ಟೆ.

ಮುಳ್ಳು ಚುಚ್ಚಿದರೆ ತಕ್ಷಣ ತೆಗೆಯಬೇಕು ಎಂಬುದು ನಾವು ಬೆಳೆದ ಬಗೆ. ಮಳೆಗಾಲದ ತೋಟದಲ್ಲಿ ಬರಿಗಾಲಲ್ಲಿ ಓಡಾಡಿ ಬಿದಿರ ಮುಳ್ಳು ಚುಚ್ಚಿಸಿಕೊಂಡು ಕುಂಟುತ್ತ ಬಂದರೆ ಅಮ್ಮ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು ಬರುತ್ತಿದ್ದಳು. ಜಗಲಿಯ ಅಂಚಿಗೆ ಕೂರಿಸಿ, ಪಾದವನ್ನು ತನ್ನ ತೊಡೆಯ ಮೇಲೆ ಬೆಳಕಿಗೆ ತಿರುಗಿಸಿಟ್ಟುಕೊಂಡು, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನಿನಿಂದ ಚರ್ಮವನ್ನು ಒಂದೊಂದೇ ಪದರ ಬಿಡಿಸುತ್ತಿದ್ದಳು. ಆಗ ಅವಳ ಉಸಿರು ನನ್ನ ಅಂಗಾಲಿಗೆ ತಾಗುತ್ತಿತ್ತು. ಮುರಿದು ಒಳಗೇ ಉಳಿದ ತುದಿಗೆ ಎಕ್ಕದ ಹಾಲು ಬಿಟ್ಟು, ನಾಳೆ ತಾನೇ ಮೇಲೆ ಬರುತ್ತದೆ ಎನ್ನುತ್ತಿದ್ದಳು. ಮದುವೆಯಾಗಿ ಹುಣಸೂರು ಕಡೆಯ ಮನೆಗೆ ಬಂದಾಗ ಅಲ್ಲಿ ಮಾವನವರ ಉಡಿದಾರದಲ್ಲಿ ಸಣ್ಣದೊಂದು ಚಿಮಟ ತೂಗಾಡುವುದನ್ನು ಕಂಡೆ. ಜಾಲಿಯ ನೆಲದಲ್ಲಿ ದನ ಮೇಯಿಸಿದವರು ಅವರು. ಮುಳ್ಳಿನ ಚಿಮಟವಿಲ್ಲದೆ ಹೊಲಕ್ಕೆ ಕಾಲಿಡುತ್ತಿರಲಿಲ್ಲ. ಚುಚ್ಚಿದ್ದು ಹೊರಗೆ ಬಂದರೆ ನೋವು ಅರ್ಧ ಇಳಿದಂತೆ. ಎರಡೂ ಕಡೆಯ ಮನೆಗಳಲ್ಲಿ ಇದೇ ನಂಬಿಕೆ.

ಆ ನಂಬಿಕೆಯಿಂದಲೇ ಇಕ್ಕಳದ ಬಾಯಿ ತೆರೆದು ಸ್ಕ್ರೂವಿನ ತಲೆಗೆ ಹಿಡಿಯಲು ಹೊರಟಿದ್ದೆ. ಎದುರುಮನೆಯ ಗೇಟಿನಿಂದ ಕೂಗು ಬಂತು.

"ಇರಲಿ ಬಿಡಿ, ಕೀಳಬೇಡಿ ಅಮ್ಮ!"

ಎದುರುಮನೆಯವರು ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಹಾಲಿನ ಪಾಕೆಟ್ಟನ್ನು ಕೈಯಲ್ಲಿ ಹಿಡಿದೇ ರಸ್ತೆ ದಾಟಿ ಬಂದರು. ಬಗ್ಗಿ ನೋಡಿದರು. "ಈಗ ತೂತಿಗೆ ಅದೇ ಬಿರಡೆ. ನೀವು ಕಿತ್ತರೆ ಇಲ್ಲೇ ಕೂತುಬಿಡುತ್ತೆ ಗಾಡಿ. ಅದು ಅಲ್ಲೇ ಇರಲಿ. ಮೊದಲು ಒಳಗೆ ಹೋಗಿದೆಯೋ ಇಲ್ಲವೋ ನೋಡೋಣ, ಸ್ವಲ್ಪ ಸೋಪಿನ ನೀರು ತನ್ನಿ" ಎಂದರು.

ಬಿರಡೆ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಗಾಯ ಮಾಡಿದ್ದೇ ಗಾಯದ ಬಾಯನ್ನು ಮುಚ್ಚಿಕೊಂಡು ಕೂತಿರುವುದೆಂದರೆ! ಕಾಲಿನ ಮುಳ್ಳಿಗೆ ಆ ಗುಣವಿಲ್ಲ.

ಪಾತ್ರೆ ತೊಳೆಯುವ ಸೋಪನ್ನು ನೀರಲ್ಲಿ ಕದಡಿ, ದಪ್ಪ ನೊರೆ ಮಾಡಿ, ಮೂರು ಬೆರಳಿನಲ್ಲಿ ತೆಗೆದು ಸ್ಕ್ರೂವಿನ ತಲೆಯ ಮೇಲೆ ಹಚ್ಚಿದೆವು. ಆಮೇಲೆ ಇಬ್ಬರೂ ಕುಕ್ಕರಗಾಲಲ್ಲಿ ಕೂತು ಕಾದೆವು. ಸ್ಕ್ರೂ ಗಿಡ್ಡದಾಗಿದ್ದರೆ ರಬ್ಬರಿನ ದಪ್ಪದಲ್ಲೇ ನಿಂತಿರುತ್ತದೆ. ಆಗ ಗಾಳಿ ಸೋರುವುದಿಲ್ಲ, ತೆಗೆದುಹಾಕಿದರೆ ಮುಗಿಯಿತು. ಉದ್ದದ್ದಾಗಿದ್ದರೆ ಒಳಪದರವನ್ನೂ ದಾಟಿರುತ್ತದೆ. ತಲೆ ನೋಡಿ ಉದ್ದ ಹೇಳಲು ಯಾರಿಂದಲೂ ಆಗುವುದಿಲ್ಲ. ನೊರೆಯ ಸಣ್ಣ ಗುಳ್ಳೆಗಳು ಒಂದೊಂದೇ ಒಡೆದು ಬತ್ತತೊಡಗಿದವು. ಏನೂ ಆಗಲಿಲ್ಲ ಎಂದು ನಾನು ಏಳಬೇಕು, ಅಷ್ಟರಲ್ಲಿ ತಲೆಯ ಒಂದು ಮಗ್ಗುಲಿನಿಂದ ಸಾಸಿವೆಯಷ್ಟು ಗುಳ್ಳೆಯೊಂದು ಎದ್ದಿತು. ಕಡಲೆಯಷ್ಟಾಯಿತು. ಅದರ ಮೈಮೇಲೆ ಬೆಳಗಿನ ಆಕಾಶ, ನಮ್ಮ ಮನೆಯ ಸಂಪಿಗೆ ಮರ, ನಾವಿಬ್ಬರೂ ಬಾಗಿ ತೋರಿದೆವು. ಒಡೆಯಿತು. ಸ್ವಲ್ಪ ಹೊತ್ತಿಗೆ ಅದೇ ಜಾಗದಿಂದ ಇನ್ನೊಂದು.

"ಹೋಗಿದೆ" ಎಂದರು ಅವರು. "ಆದರೆ ನಿಧಾನ. ಪರವಾಗಿಲ್ಲ."

ಗುಳ್ಳೆ ನೋಡಿ ಸೋರಿಕೆ ಹಿಡಿಯುವ ಈ ವಿದ್ಯೆ ನನಗೆ ಚಿಕ್ಕಂದಿನಿಂದ ಇಷ್ಟ. ಸುಳ್ಯ ಪೇಟೆಯ ಬಾಡಿಗೆ ಸೈಕಲ್ಲಿನ ಅಂಗಡಿಯಲ್ಲಿ ಒಂದು ತಗಡಿನ ಬೋಗುಣಿಯಲ್ಲಿ ಸದಾ ಮಸಿಬಣ್ಣದ ನೀರಿರುತ್ತಿತ್ತು. ಗಾಳಿ ತುಂಬಿದ ಟ್ಯೂಬನ್ನು ಗೇಣು ಗೇಣಾಗಿ ಆ ನೀರಿಗೆ ಅದ್ದಿ ತಿರುಗಿಸುತ್ತ ಹೋದರೆ ಎಲ್ಲೋ ಒಂದು ಕಡೆ ಗುಳುಗುಳು ಎನ್ನುತ್ತಿತ್ತು. ಅಂಗಡಿಯವರು ತಕ್ಷಣ ಅಲ್ಲಿ ಹೆಬ್ಬೆರಳಿಟ್ಟು, ಇನ್ನೊಂದು ಕೈಯಿಂದ ಒರೆಸಿ, ಬಾಯಲ್ಲಿ ಕಚ್ಚಿದ್ದ ಕಾಪಿಂಗ್ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದರು. ಆಮೇಲೆ ಅರದ ಕಾಗದದಿಂದ ಉಜ್ಜುವುದು, ಸಲ್ಯೂಷನ್ ಹಚ್ಚುವುದು, ಊದಿ ಒಣಗಿಸುವುದು, ತೇಪೆ ಅಂಟಿಸಿ ಸುತ್ತಿಗೆಯ ಹಿಂಬದಿಯಿಂದ ಬಡಿಯುವುದು. ಕಣ್ಣಿಗೆ ಕಾಣದ ಗಾಳಿಯನ್ನು ನೀರು ಕಾಣುವಂತೆ ಮಾಡುತ್ತಿತ್ತು. ಶಾಲೆಯಲ್ಲಿ ವಿಜ್ಞಾನದ ಪಾಠ ಶುರುವಾಗುವ ಎಷ್ಟೋ ಮೊದಲು ಆ ಬೋಗುಣಿಯ ಮುಂದೆ ನನಗೆ ಅದು ಶುರುವಾಗಿತ್ತು ಎಂದು ಈಗಲೂ ನಂಬುತ್ತೇನೆ.

ಆ ಕಾಲದ ಟ್ಯೂಬಿಗೆ ಮೊಳೆ ತಾಗಿದರೆ ಮುಗಿಯಿತು. ಬಿಗಿದ ತೆಳುವಾದ ಚೀಲ ಅದು, ಹರಿದು ಒಮ್ಮೆಗೇ ಇಳಿಯುತ್ತಿತ್ತು. ಈಗಿನ ಟ್ಯೂಬ್‌ಲೆಸ್ ಟೈರಿನ ರೀತಿಯೇ ಬೇರೆ. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿ ಇದನ್ನು ರೂಪಿಸಿತು. 1955ರ ಹೊತ್ತಿಗೆ ಅಲ್ಲಿನ ಹೊಸ ಕಾರುಗಳಿಗೆಲ್ಲ ಇದೇ ಬಂತು. ನಮ್ಮಲ್ಲಿ ಮಾರುತಿ 800 ಓಡುತ್ತಿದ್ದ ಕಾಲದವರೆಗೂ ಟ್ಯೂಬು ಬದುಕಿತ್ತು. ಟ್ಯೂಬ್‌ಲೆಸ್ಸಿನಲ್ಲಿ ಟೈರಿನ ಒಳಮೈಗೇ ಗಾಳಿ ಬಿಡದ ಬ್ಯುಟೈಲ್ ರಬ್ಬರಿನ ಒಂದು ಪದರವಿರುತ್ತದೆ. ಸ್ಕ್ರೂ ಹೊಕ್ಕಾಗ ಅದರ ಸುತ್ತ ರಬ್ಬರು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಗಾಳಿ ಸೋರಬೇಕಾದರೆ ಆ ಅಪ್ಪುಗೆಯ ಸಂದಿನಲ್ಲೇ ನುಸುಳಬೇಕು. ಅದಕ್ಕೇ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ, ಸ್ಕ್ರೂವನ್ನು ಹೊತ್ತುಕೊಂಡೇ ಗಾಡಿ ಓಡುತ್ತಿರುತ್ತದೆ, ಓಡಿಸುವವರಿಗೆ ಸುಳಿವೇ ಇರುವುದಿಲ್ಲ. ನನ್ನ ಸ್ಕ್ರೂ ಎಷ್ಟು ದಿನದ್ದೋ! ಅದರ ತಲೆ ರಸ್ತೆಗೆ ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು. ತಿರುಪುಳಿ ಕೂರುವ ನಕ್ಷತ್ರದ ಗುಳಿ ಪೂರ್ತಿ ಸವೆದುಹೋಗಿತ್ತು.

ಮಿಷಲಿನ್ ಕಂಪನಿಯ ಗುರುತಾದ, ಟೈರುಗಳನ್ನೇ ಮೈಯಾಗಿ ಉಳ್ಳ ಆ ಬಿಳಿಯ ದಡೂತಿ ಬೊಂಬೆಯನ್ನು ಎಲ್ಲರೂ ನೋಡಿದ್ದಾರೆ. 1898ರಲ್ಲಿ ಅವನು ಮೊದಲ ಬಾರಿಗೆ ಕಾಣಿಸಿಕೊಂಡ ಭಿತ್ತಿಚಿತ್ರದಲ್ಲಿ ಅವನ ಕೈಯಲ್ಲಿ ಒಂದು ಬಟ್ಟಲಿದೆ. ಆ ಬಟ್ಟಲಿನ ತುಂಬ ಮೊಳೆ ಮತ್ತು ಒಡೆದ ಗಾಜು. ದಾರಿಯ ಅಡೆತಡೆಗಳನ್ನು ನಮ್ಮ ಟೈರು ಕುಡಿದುಬಿಡುತ್ತದೆ ಎಂಬುದು ಅದರ ಮಾತು. ಜಾಹೀರಾತಿನ ಮಾತು, ನಿಜ. ಆದರೆ ಸ್ಕ್ರೂವನ್ನು ನುಂಗಿ ಸುಮ್ಮನೆ ನಿಂತಿದ್ದ ನನ್ನ ಟೈರಿನ ಮುಂದೆ ಅವತ್ತು ಆ ಚಿತ್ರ ನೆನಪಾಗಿ, ನೂರಿಪ್ಪತ್ತೈದು ವರ್ಷದ ಹಿಂದಿನ ಚಿತ್ರಕಾರನ ಬಗ್ಗೆ ಗೌರವ ಬಂತು. ಬೊಂಬೆ ಬೆಳ್ಳಗಿರುವುದಕ್ಕೂ ಕಾರಣವಿದೆ. ಆಗಿನ ಟೈರುಗಳು ತಿಳಿಬಣ್ಣದ್ದಾಗಿದ್ದವು. ರಬ್ಬರಿಗೆ ಇಂಗಾಲದ ಕಾಡಿಗೆ ಬೆರೆಸಿ ಗಟ್ಟಿ ಮಾಡುವುದು ರೂಢಿಯಾದ ಮೇಲೆ ಅವು ಕಪ್ಪಾದವು.

ಗಾಳಿ ಅಳೆದಾಗ 27 ಇತ್ತು. ಇರಬೇಕಾದದ್ದು 33. ಕಾರಿನಲ್ಲೇ ಇಟ್ಟುಕೊಂಡಿರುವ ಸಣ್ಣ ಪಂಪಿನಿಂದ 33ಕ್ಕೆ ಏರಿಸಿದೆವು. ಎದುರುಮನೆಯವರ ಲೆಕ್ಕ ಸರಳ. ಗಾಳಿ ನಿಧಾನ ಸೋರುತ್ತಿದೆ, ಪಂಕ್ಚರ್ ಅಂಗಡಿ ಎರಡು ಕಿಲೋಮೀಟರು, ಮೆಲ್ಲಗೆ ಹೋದರೆ ಸಾಕು. ಗಾಳಿ ಇಳಿದ ಟೈರಿನ ಮೇಲೆ ಮಾತ್ರ ಒಂದು ಫರ್ಲಾಂಗೂ ಓಡಿಸಬಾರದು, ಪಕ್ಕದ ಗೋಡೆ ಮಡಿಸಿ ಮಡಿಸಿ ಸತ್ತುಹೋಗುತ್ತದೆ. "ಅಷ್ಟಕ್ಕೂ ದಾರಿಯಲ್ಲಿ ಇಳಿದರೆ ಸ್ಟೆಪ್ನಿ ಇದೆಯಲ್ಲ" ಎಂದರು.

ಸ್ಟೆಪ್ನಿ! ನಮ್ಮ ಹಳ್ಳಿಯ ಆಟೋದವರಿಂದ ಹಿಡಿದು ದಿಲ್ಲಿಯ ಟ್ಯಾಕ್ಸಿಯವರವರೆಗೆ ಎಲ್ಲರ ಬಾಯಲ್ಲೂ ಇರುವ ಈ ಮಾತು ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. ಅಲ್ಲಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ ಡೇವಿಸ್ ಸೋದರರು 1904ರಲ್ಲಿ ಬದಲಿ ಚಕ್ರ ತಯಾರಿಸಿದರು. ಅದಕ್ಕೂ ಮೊದಲು ಕಾರುಗಳಲ್ಲಿ ಬದಲಿ ಚಕ್ರವೇ ಇರಲಿಲ್ಲ. ಪಂಕ್ಚರ್ ಆದರೆ ದಾರಿಯಲ್ಲೇ ಕೂತು ಟೈರು ಬಿಚ್ಚಿ ತೇಪೆ ಹಾಕಬೇಕಿತ್ತು. ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು, ಇಂಗ್ಲಿಷರ ಬಾಯಿಂದ ಆ ಮಾತು ಬಹುಮಟ್ಟಿಗೆ ಅಳಿಸಿಹೋಯಿತು. ನಾವು ಇನ್ನೂ ಉಳಿಸಿಕೊಂಡಿದ್ದೇವೆ. ಈಗ ಆ ಚಕ್ರಕ್ಕೇ ಸಂಚಕಾರ ಬಂದಿದೆ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ಪಂಕ್ಚರ್ ಕಿಟ್ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಜಾಗ ಉಳಿಯುತ್ತದೆ, ತೂಕ ಕಡಿಮೆಯಾಗುತ್ತದೆ ಎನ್ನುತ್ತಾರೆ. ನನ್ನ ಮನಸ್ಸು ಒಪ್ಪುವುದಿಲ್ಲ. ಟೈರಿನ ಪಕ್ಕದ ಗೋಡೆ ಸೀಳಿದರೆ ಯಾವ ಕಿಟ್ಟೂ ಕೆಲಸಕ್ಕೆ ಬಾರದು, ಮತ್ತು ಸಂಪಾಜೆ ಘಾಟಿಯ ನಡುವೆ ರಾತ್ರಿ ಎಂಟು ಗಂಟೆಗೆ ಮಳೆಯಲ್ಲಿ ನಿಂತವರಿಗೆ ಬೇಕಾದದ್ದು ಒಂದು ಉರುಟು ಚಕ್ರ, ಒಂದು ಜಾಕಿ, ಒಂದು ಪಾನ. ಇಷ್ಟೇ.

ಹುಣಸೂರು ರಸ್ತೆಯ ಅಂಚಿನ ಆ ಪಂಕ್ಚರ್ ಅಂಗಡಿಗೆ ಬೋರ್ಡಿಲ್ಲ. ಕಂಬಕ್ಕೆ ಒಂದು ಸವೆದ ಟೈರು ನೇತುಹಾಕಿದೆ, ಅದೇ ಬೋರ್ಡು. ಕನ್ನಡನಾಡಿನಲ್ಲಿ ಎಲ್ಲಿಗೆ ಹೋದರೂ, ಓದು ಬಾರದವರಿಗೂ ತಿಳಿಯುವ ಬೋರ್ಡು ಅದು. ತಗಡಿನ ಗೂಡು, ಕೆಂಪು ಬಣ್ಣದ ಗಾಳಿ ಟ್ಯಾಂಕು, ಮಳೆ ನೀರೂ ಸೇರಿ ತುಂಬಿದ ತೊಟ್ಟಿ, ಗೋಡೆಗೆ ಆತುಕೊಂಡ ಟೈರುಗಳ ಸಾಲು. ಅಂಗಡಿಯವರಿಗೆ ನಲವತ್ತರ ಆಸುಪಾಸು. ಆಗ ತಾನೆ ಬಾಗಿಲು ತೆಗೆದು ಊದುಕಡ್ಡಿ ಹಚ್ಚುತ್ತಿದ್ದರು.

"ಎಲ್ಲಿಗೆ ಹೊರಟಿದೀರ ಮೇಡಂ?" ಅಂದರು, ಸ್ಕ್ರೂವಿನ ಸುತ್ತ ಸೀಮೆಸುಣ್ಣದಿಂದ ಗುಂಡಗೆ ಗೆರೆ ಎಳೆಯುತ್ತ.

"ಸುಳ್ಯಕ್ಕೆ ಅಣ್ಣ. ಮಡಿಕೇರಿ ಮೇಲೆ."

"ಹಾಗಾದ್ರೆ ಸ್ಟ್ರಿಪ್ ಬೇಡ. ಬಿಚ್ಚಿ ಒಳಗಿಂದ ಹಾಕ್ತೀನಿ. ಒಳಗೆ ನೋಡ್ದೆ ಘಾಟಿಗೆ ಕಳಿಸಲ್ಲ ನಾನು."

ಸ್ಟ್ರಿಪ್ ಎಂದರೆ ಟೈರು ಬಿಚ್ಚದೆಯೇ ಹೊರಗಿನಿಂದ ತೂತಿಗೆ ತುರುಕುವ ಅಂಟುರಬ್ಬರಿನ ಹುರಿ. ಐದು ನಿಮಿಷದ ಕೆಲಸ. ಊರೊಳಗೆ ಓಡಾಡುವವರಿಗೆ ಬಹಳ ಸಲ ಅದೇ ಸಾಕಾಗುತ್ತದೆ. ಒಳಗಿನಿಂದ ಹಾಕುವ ತೇಪೆಗೆ ಅಣಬೆಯ ಆಕಾರ. ಮಶ್ರೂಮ್ ಪ್ಯಾಚ್ ಎನ್ನುತ್ತಾರೆ. ಅದರ ಕಾಂಡ ತೂತನ್ನು ತುಂಬುತ್ತದೆ, ಕೊಡೆ ಒಳಮೈಯನ್ನು ಮುಚ್ಚುತ್ತದೆ. ಟೈರಿನ ರಬ್ಬರಿನ ಕೆಳಗೆ ಉಕ್ಕಿನ ತಂತಿಗಳ ಪಟ್ಟಿಗಳಿವೆ. ತೂತಿನ ದಾರಿಯಲ್ಲಿ ನೀರು ಇಳಿದರೆ ಆ ತಂತಿ ತುಕ್ಕು ಹಿಡಿಯುತ್ತದೆ. ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ತೂತನ್ನು ತುಂಬಲೂ ಬೇಕು, ಒಳಗಿನಿಂದ ಮುಚ್ಚಲೂ ಬೇಕು. ಅಂಗಡಿಯವರು ಇದನ್ನೆಲ್ಲ ನನಗೆ ಪಾಠ ಮಾಡಲಿಲ್ಲ. ನಾನು ಒಂದೊಂದೇ ಕೇಳಿದೆ, ಅವರು ಕೈಬಿಡದೆ ಉತ್ತರ ಕೊಟ್ಟರು. ಸ್ಕ್ರೂ ಇದ್ದದ್ದು ರಸ್ತೆಗೆ ತಾಗುವ ನಡುಭಾಗದಲ್ಲಿ, ಅದು ನನ್ನ ಪುಣ್ಯ. ಪಕ್ಕದ ಗೋಡೆಯಲ್ಲಿದ್ದರೆ ತೇಪೆಯೇ ಇಲ್ಲ, ಟೈರು ಬದಲಿಸಬೇಕು. ಉರುಳುವಾಗ ಆ ಗೋಡೆ ಪ್ರತಿ ಸುತ್ತಿಗೂ ಬಾಗಿ ನಿಮಿರುತ್ತಿರುತ್ತದೆ, ಅಲ್ಲಿ ಯಾವ ತೇಪೆಯೂ ನಿಲ್ಲುವುದಿಲ್ಲ. ತೂತು ಆರು ಮಿಲಿಮೀಟರಿಗಿಂತ ದೊಡ್ಡದಾಗಿದ್ದರೂ ಬೇಡ.

ಜಾಕಿ ಕೊಟ್ಟು ಚಕ್ರ ಇಳಿಸಿದರು. ಇಕ್ಕಳ ಹಿಡಿದು ಸ್ಕ್ರೂವನ್ನು ಎಳೆಯಲಿಲ್ಲ, ತಿರುಗಿಸಿದರು. ತಿರುಪು ಹೊಕ್ಕ ದಾರಿಯಲ್ಲೇ ಹೊರಬರಬೇಕು, ಎಳೆದರೆ ಅದರ ಎಳೆಗಳು ರಬ್ಬರನ್ನು ಹರಿಯುತ್ತವೆ ಎಂದರು. ತಿರುಗು, ತಿರುವು, ತಿರುಚು, ತಿರುಪು. ಕನ್ನಡದಲ್ಲಿ ಸ್ಕ್ರೂವಿಗೆ ಎಷ್ಟು ಸರಿಯಾದ ಹೆಸರಿದೆ, ನಾವೇ ಮರೆಯುತ್ತಿದ್ದೇವೆ. ಒಂದು ಸುತ್ತು, ಎರಡು ಸುತ್ತು. ಆರನೆಯದೋ ಏಳನೆಯದೋ ಸುತ್ತಿಗೆ ಹಾವು ಬುಸುಗುಟ್ಟಿದಂತೆ ಗಾಳಿ ನುಗ್ಗಿತು. ಒಂದಂಗುಲದ ಕಪ್ಪು ಸ್ಕ್ರೂ ಅವರ ಅಂಗೈಯಲ್ಲಿತ್ತು. ಮೈಯೆಲ್ಲ ಕಪ್ಪು, ತಲೆ ಮಾತ್ರ ಬೆಳ್ಳಿ.

ಟೈರನ್ನು ರಿಮ್ಮಿನಿಂದ ಬಿಡಿಸಿ, ಒಳಗೆ ಟಾರ್ಚ್ ಬಿಟ್ಟು ಅಂಗೈಯಿಂದ ಸುತ್ತಲೂ ಸವರಿದರು. ಕೈಯನ್ನು ಹೊರತೆಗೆದು ನನ್ನ ಮುಂದೆ ಹಿಡಿದರು. "ನೋಡಿ, ಪುಡಿ ಇಲ್ಲ." ಗಾಳಿಯಿಲ್ಲದೆ ಓಡಿದ ಟೈರಿನ ಒಳಗೆ ರಬ್ಬರ್ ಸವೆದು ಕಪ್ಪು ಪುಡಿ ಬಿದ್ದಿರುತ್ತದಂತೆ. ಹೊರಗೆ ಹೊಸದರಂತೆ ಕಂಡರೂ ಅಂಥ ಟೈರು ಯಾವ ಗಳಿಗೆಯಲ್ಲಾದರೂ ಸೀಳಬಹುದು. ಅವರ ಅಂಗೈ ಶುದ್ಧವಾಗಿತ್ತು. ಟೈರಿನ ಗೋಡೆಯ ಮೇಲೆ ಉಬ್ಬಾಗಿ ಬರೆದ ನಾಲ್ಕು ಅಂಕಿಗಳನ್ನೂ ತೋರಿಸಿದರು. ಮೊದಲೆರಡು ವಾರ, ಕೊನೆಯೆರಡು ವರ್ಷ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ಹುಟ್ಟಿದ ಟೈರು. ಹೊಸ ಟೈರು ಕೊಳ್ಳುವಾಗ ಇದನ್ನು ಓದದೆ ದುಡ್ಡು ಕೊಡಬೇಡಿ ಎಂದರು. ಇಷ್ಟು ವರ್ಷ ಕಾರು ಓಡಿಸಿದ ನನಗೆ ಇದನ್ನು ಯಾವ ಶೋರೂಮಿನವರೂ ಹೇಳಿರಲಿಲ್ಲ.

ಒಳಮೈಯನ್ನು ಉಜ್ಜಿ ಒರಟು ಮಾಡಿ ಸಲ್ಯೂಷನ್ ಹಚ್ಚಿದ ಮೇಲೆ ಅವರು ಕೈಕಟ್ಟಿ ಕೂತರು. ಒಣಗಬೇಕು. "ಹಸಿ ಇದ್ದಾಗ ಅಂಟ್ಸಿದ್ರೆ ಹಿಡಿಯಲ್ಲ ಮೇಡಂ. ಬೆರಳಿಗೆ ಹತ್ತಬಾರದು, ಆದ್ರೆ ಜಿಗಿ ಇರಬೇಕು. ಅವಸರ ಮಾಡಿದ ಪಂಚರ್ ಎಲ್ಲ ವಾಪಸ್ ಬರುತ್ತೆ."

ಆ ಕಾಯುವ ಹೊತ್ತಿಗೂ ಒಂದು ಕಥೆಯಿದೆ. ಗಾಳಿ ತುಂಬಿದ ಟೈರಿಗೆ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬಂದದ್ದು ಬೆಲ್‌ಫಾಸ್ಟಿನ ಡನ್ಲಪ್‌ನಿಂದ. ವೃತ್ತಿಯಿಂದ ಆತ ಪಶುವೈದ್ಯ. 1887ರಲ್ಲಿ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕದಿರಲೆಂದು ಚಕ್ರಕ್ಕೆ ಗಾಳಿಯ ಕೊಳವೆ ಸುತ್ತಿದ. ಆದರೆ ಆ ಮೊದಲ ಟೈರುಗಳನ್ನು ಚಕ್ರಕ್ಕೆ ಅಂಟಿಸಿಬಿಡುತ್ತಿದ್ದರು. ಎರಡು ವರ್ಷದ ನಂತರ ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಊರಿನ ಮಿಷಲಿನ್ ಸೋದರರ ರಬ್ಬರ್ ಕಾರ್ಖಾನೆಗೆ ಒಬ್ಬ ಸೈಕಲ್ ಸವಾರ ಅಂಥ ಟೈರು ಪಂಕ್ಚರ್ ಮಾಡಿಕೊಂಡು ಬಂದನಂತೆ. ಬಿಡಿಸಿ ತೇಪೆ ಹಾಕಲು ಮೂರು ಗಂಟೆ, ಅಂಟು ಒಣಗಲು ಇಡೀ ರಾತ್ರಿ. ಮರುದಿನ ಓಡಿಸಿ ನೋಡಿದರೆ ಸ್ವಲ್ಪ ಹೊತ್ತಿಗೇ ಮತ್ತೆ ಇಳಿಯಿತು. ಸುಲಭವಾಗಿ ಬಿಚ್ಚಿ ಹಾಕುವಂಥ ಟೈರನ್ನು ಮಾಡಲೇಬೇಕೆಂಬ ಹಟ ಆ ಸೋದರರಿಗೆ ಹುಟ್ಟಿದ್ದು ಅಲ್ಲಿ. 1891ರಲ್ಲಿ ಮಾಡಿಯೂ ಮಾಡಿದರು. ಒಂದು ಪಂಕ್ಚರಿನಿಂದ ಇಷ್ಟೆಲ್ಲ.

ಗೂಡಿನೊಳಗೆ ಸಲ್ಯೂಷನ್ನಿನ ವಾಸನೆ ಹರಡಿತ್ತು. ಆ ವಾಸನೆ, ಜೊತೆಗೆ ಹಸಿ ರಬ್ಬರಿನದು. ನನಗೆ ಅದು ತವರಿನ ವಾಸನೆ. ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಆ ತೋಟಗಳಲ್ಲಿ ಕೆಲಸ, ನೆಲೆ ಸಿಕ್ಕಿತು. ಆ ಮನೆಗಳ ಹುಡುಗಿಯರು ನನ್ನ ಜೊತೆ ಓದುತ್ತಿದ್ದರು. ಶಾಲೆಗೆ ಬರುವ ಮೊದಲು ಅಮ್ಮಂದಿರ ಜೊತೆ ಮರದಿಂದ ಮರಕ್ಕೆ ಹೋಗಿ ಹಾಲು ಎತ್ತಿ ಬರುತ್ತಿದ್ದರು, ಅವರ ಲಂಗದ ಅಂಚಿನಲ್ಲಿ ಒಣಗಿದ ಹಾಲಿನ ಎಳೆಗಳು ಅಂಟಿರುತ್ತಿದ್ದವು. ನಸುಕಿನಲ್ಲೇ ಕೆಲಸ ಶುರು. ಬಿಸಿಲೇರಿದರೆ ಹಾಲು ಕಡಿಮೆ. ಬಾಗಿದ ಮೊನೆಯ ಕತ್ತಿಯಿಂದ ತೊಗಟೆಯನ್ನು ಓರೆಯಾಗಿ, ಕಾಗದದಷ್ಟು ತೆಳ್ಳಗೆ ಹೆರೆಯುತ್ತಾರೆ. ಒಳಗಿನ ಮರಕ್ಕೆ ತಾಗಬಾರದು, ತಾಗಿದರೆ ಗಾಯ ಗಂಟಾಗುತ್ತದೆ. ಗೆರೆಯುದ್ದಕ್ಕೂ ಬಿಳಿಯ ಹನಿಗಳು ಮೂಡಿ, ಕೂಡಿ, ಹರಿದು ಗೆರಟೆಗೆ ತೊಟ್ಟಿಕ್ಕುತ್ತವೆ. ಕೆಲವು ಗಂಟೆಗಳ ಮೇಲೆ ತಾನಾಗಿ ನಿಲ್ಲುತ್ತದೆ.

ಯಾಕೆ ನಿಲ್ಲುತ್ತದೆ ಎಂಬುದು ದೊಡ್ಡವಳಾದ ಮೇಲೆ ತಿಳಿಯಿತು. ಹಾಲು ಮರದ ಊಟವಲ್ಲ. ತೊಗಟೆಗೆ ಗಾಯವಾದಾಗ ಅದನ್ನು ಮುಚ್ಚಿಕೊಳ್ಳಲು, ಕೊರೆಯುವ ಹುಳುವನ್ನು ತಡೆಯಲು ಮರ ಇಟ್ಟುಕೊಂಡ ದ್ರವ ಅದು. ಹರಿಯುತ್ತ ಹರಿಯುತ್ತ ನಾಳಗಳ ಬಾಯಲ್ಲೇ ಹೆಪ್ಪುಗಟ್ಟಿ ಬಿರಡೆಯಾಗುತ್ತದೆ, ಸೋರಿಕೆ ನಿಲ್ಲುತ್ತದೆ. ಅಂದರೆ ರಬ್ಬರ್ ಹುಟ್ಟಿದ್ದೇ ಗಾಯ ಮುಚ್ಚುವುದಕ್ಕೆ. ಬ್ರೆಜಿಲಿನ ಕಾಡಿನಿಂದ 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಸುಮಾರು 70,000 ಬೀಜಗಳನ್ನು ಲಂಡನ್ನಿಗೆ ಸಾಗಿಸಿದ; ಮೊಳೆತ ಸಸಿಗಳು ಸಿಲೋನಿಗೆ ಬಂದವು; ಅಲ್ಲಿಂದ ಏಷ್ಯಾದ ತೋಟಗಳು ಬೆಳೆದವು. ಗುಡ್‌ಇಯರ್ ಎಂಬಾತ ಅದಕ್ಕೂ ಮೊದಲೇ, 1839ರಲ್ಲಿ, ಗಂಧಕ ಬೆರೆಸಿ ಕಾಯಿಸಿ, ಬೇಸಿಗೆಗೆ ಕರಗದ ಚಳಿಗೆ ಸಿಡಿಯದ ರಬ್ಬರ್ ಮಾಡಿದ. ಇಷ್ಟು ದೂರ ಬಂದು, ಇಷ್ಟು ಬೆಂಕಿ ಕಂಡು, ಕಪ್ಪಾಗಿ, ಚಕ್ರವಾಗಿ ಉರುಳಿದರೂ ಅದಕ್ಕೆ ತನ್ನ ಮೊದಲ ಕೆಲಸ ಮರೆತಿಲ್ಲ. ಹೊಕ್ಕ ಸ್ಕ್ರೂವನ್ನು ಸುತ್ತಲೂ ಅಪ್ಪಿ ಗಾಳಿ ಹಿಡಿದಿಟ್ಟದ್ದೂ ರಬ್ಬರು. ಈಗ ಆ ತೂತನ್ನು ತುಂಬಲಿರುವುದೂ ರಬ್ಬರು. ಅಂಗಡಿಯ ಸ್ಟೂಲಿನ ಮೇಲೆ ಕೂತು ಇದನ್ನು ಯೋಚಿಸುವಾಗ ಗಂಟಲು ಕಟ್ಟಿದಂತಾಯಿತು. ಆ ಹುಡುಗಿಯರು ಈಗ ಎಲ್ಲೆಲ್ಲಿದ್ದಾರೋ.

ಅಂಗಡಿಯವರು ಅಣಬೆಯ ಕಾಂಡವನ್ನು ಒಳಗಿನಿಂದ ತೂತಿಗೆ ಪೋಣಿಸಿ ಹೊರಗಿನಿಂದ ಎಳೆದರು, ಕೊಡೆಯನ್ನು ಹಲ್ಲಿನ ಗಾಲಿಯಿಂದ ನಡುವಿನಿಂದ ಅಂಚಿಗೆ ಒತ್ತಿ ಒತ್ತಿ ಉಜ್ಜಿದರು. ನಡುವೆ ಗಾಳಿ ಉಳಿಯಬಾರದು. ಹೊರಗೆ ಉಳಿದ ಕಾಂಡವನ್ನು ಟೈರಿನ ಮಟ್ಟಕ್ಕೆ ಕತ್ತರಿಸಿದರು.

ಹಿಂದಿನ ಚಕ್ರಕ್ಕೇ ಯಾಕೆ ಹೆಚ್ಚು ಮೊಳೆ ಎಂದು ಕೇಳಿದೆ. "ಮುಂದಿನ ಚಕ್ರ ಎಬ್ಬಿಸುತ್ತೆ, ಹಿಂದಿನದು ಹತ್ತುತ್ತೆ" ಎಂದರು. ನೆಲದ ಮೇಲೆ ಮಲಗಿದ್ದ ಮೊಳೆಯನ್ನು ಮುಂದಿನ ಚಕ್ರ ಚಿಮ್ಮಿಸಿ ನಿಲ್ಲಿಸುತ್ತದೆ, ಅದು ಬೀಳುವಷ್ಟರಲ್ಲಿ ಹಿಂದಿನ ಚಕ್ರ ಬಂದು ಏರುತ್ತದೆ. ಮಳೆಗಾಲದಲ್ಲಿ ಪಂಕ್ಚರ್ ಜಾಸ್ತಿಯಂತೆ. ನೀರು ಎಣ್ಣೆಯಂತೆ ಕೆಲಸ ಮಾಡಿ, ಒದ್ದೆ ರಬ್ಬರಿಗೆ ಚೂಪಾದದ್ದು ಬೇಗ ಇಳಿಯುತ್ತದೆ.

ಸ್ಕ್ರೂವನ್ನು ಬೆಳಕಿಗೆ ಹಿಡಿದು "ಇದು ಜಿಪ್ಸಮ್ ಸ್ಕ್ರೂ. ನಿಮ್ಮ ರೋಡಲ್ಲಿ ಯಾರೋ ಸೀಲಿಂಗ್ ಕೆಲಸ ಮಾಡಿಸ್ತಿದಾರೆ" ಎಂದರು. ನಿಜವೇ. ನಮ್ಮ ಹಿಂದಿನ ಬೀದಿಯಲ್ಲಿ ಹೊಸ ಮನೆಯೊಂದರ ಒಳಗೆಲಸ ನಡೆದಿತ್ತು. ಯಾವುದೋ ಹುಡುಗ ಏಣಿಯ ಮೇಲೆ ನಿಂತು, ಕತ್ತು ಮೇಲೆತ್ತಿ, ತುಟಿಗಳ ನಡುವೆ ನಾಲ್ಕು ಸ್ಕ್ರೂ ಕಚ್ಚಿಕೊಂಡು ಹಲಗೆ ಹೊಡೆದಿರುತ್ತಾನೆ. ಸಂಜೆ ಕಸ ಗುಡಿಸಿ ತುಂಬುವಾಗ ಒಂದು ಉರುಳಿರುತ್ತದೆ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಬೇಕೆಂದೇ ಮೊಳೆ ಚೆಲ್ಲುವವರ ಮೇಲೆ ಬರುತ್ತದೆ. ಹತ್ತು ವರ್ಷಗಳ ಹಿಂದೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಆಫೀಸಿಗೆ ಹೋಗುವ ಇಂಜಿನಿಯರೊಬ್ಬರು ಪದೇ ಪದೇ ಪಂಕ್ಚರ್ ಆಗಿ ಬೇಸತ್ತು, ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿಕೊಂಡು ರಸ್ತೆಯುದ್ದಕ್ಕೂ ಮೊಳೆ ಹೆಕ್ಕಲು ನಿಂತರು. ಕಿಲೋಗಟ್ಟಲೆ ಸಿಕ್ಕವು. ಪತ್ರಿಕೆಗಳಲ್ಲಿ ಬಂದ ಅವರ ಚಿತ್ರವನ್ನು ನಾನು ಕತ್ತರಿಸಿಟ್ಟುಕೊಂಡಿದ್ದೆ. ಆ ಸುದ್ದಿಯ ಮೇಲೆ ಪಂಕ್ಚರ್ ಅಂಗಡಿ ಕಂಡರೆಲ್ಲ ಸಂಶಯಪಡುವವರೂ ಹುಟ್ಟಿಕೊಂಡರು. ಅದು ಅನ್ಯಾಯ. ಹೆಂಡತಿ ಮಕ್ಕಳೊಡನೆ ಕತ್ತಲಲ್ಲಿ ರಸ್ತೆಬದಿ ನಿಂತವರ ಪಾಲಿಗೆ ಆ ನೇತುಹಾಕಿದ ಟೈರಿಗಿಂತ ಒಳ್ಳೆಯ ದೃಶ್ಯ ಇನ್ನೊಂದಿಲ್ಲ.

ಗಾಳಿ 33 ಹಾಕಿ, ತೇಪೆಯ ಮೇಲೂ ರಿಮ್ಮಿನ ಅಂಚಿಗೂ ಸೋಪಿನ ನೀರು ಚಿಮುಕಿಸಿ ನೋಡಿದೆವು. ನೊರೆ ಅಲುಗದೆ ನಿಂತಿತ್ತು. ಹೊಸ ಟೈರಿಗೆ ಸಾವಿರಗಟ್ಟಲೆ ಕೊಡಬೇಕಾಗಿದ್ದ ಕಡೆ ಕೆಲವು ನೂರರಲ್ಲಿ ಮುಗಿಯಿತು. "ಸ್ಕ್ರೂ ಕೊಡಿ ಅಣ್ಣ" ಎಂದೆ. ಆಶ್ಚರ್ಯದಿಂದ ನೋಡಿ, ಒರೆಸಿ ಕೊಟ್ಟರು.

ಮಡಿಕೇರಿಯಲ್ಲಿ ಮಂಜು, ಸಂಪಾಜೆಯಲ್ಲಿ ಜಡಿಮಳೆ. ಎರಡು ಕಡೆ ನಿಲ್ಲಿಸಿ, ಕೊಡೆ ಹಿಡಿದು ಇಳಿದು, ಹಿಂದಿನ ಎಡ ಚಕ್ರವನ್ನು ಅಂಗೈಯಿಂದ ಮುಟ್ಟಿ ನೋಡಿದೆ. ಮನೆ ತಲುಪಿದಾಗ ಮೂರು ಗಂಟೆ. ಅಮ್ಮ ಜಗಲಿಯಲ್ಲೇ ಕೂತಿದ್ದಳು.

"ಎಂತ ಇಷ್ಟು ತಡ?"

ಹೇಳಿದೆ. ಸ್ಕ್ರೂವನ್ನು ಅವಳ ಅಂಗೈಗೆ ಹಾಕಿದೆ. ಕನ್ನಡಕ ಏರಿಸಿ ತಿರುಗಿಸಿ ತಿರುಗಿಸಿ ನೋಡಿದಳು, ತುದಿಗೆ ಹೆಬ್ಬೆರಳು ಒತ್ತಿದಳು. "ಮೊನೆ ಉಂಟು ಇನ್ನೂ. ಇದನ್ನು ನೀನೇ ತೆಗೆದೆಯಾ?"

"ಇಲ್ಲಮ್ಮ. ಕೀಳಬೇಡಿ ಅಂದರು."

"ಹೌದಾ" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಮರುದಿನ ಬೆಳಿಗ್ಗೆ ಕಾರು ತಣ್ಣಗಿದ್ದಾಗ ಗಾಳಿ ಅಳೆದೆ. 33. ಒಳಗೆ ಬಂದರೆ ಟಪ್ ಟಪ್ ಎಂದು ಸದ್ದು. ಅಮ್ಮ ಜಗಲಿಯ ಹಲಸಿನ ಕಂಬದ ಮುಂದೆ ಗುಂಡುಕಲ್ಲು ಹಿಡಿದು ನಿಂತಿದ್ದಳು. ಹಳೆಯ ಮೊಳೆ ತುಕ್ಕು ಹಿಡಿದು ಉದುರಿದ್ದ ತೂತು ಅಲ್ಲೊಂದಿತ್ತು. ಅದಕ್ಕೆ ಸ್ಕ್ರೂವನ್ನು ಇಟ್ಟು ಬಡಿಯುತ್ತಿದ್ದಳು.

"ಅದು ತಿರುಪು ಅಮ್ಮ, ತಿರುಗಿಸಬೇಕು."

"ತಲೆಯೇ ಸವೆದಿದೆ, ಎಂತದ್ದರಲ್ಲಿ ತಿರುಗಿಸುವುದು?" ಎಂದು ಇನ್ನೆರಡು ಏಟು ಹಾಕಿ, ಅಲುಗಿಸಿ ನೋಡಿ, ಮೂಲೆಯಲ್ಲಿ ಒರಗಿಸಿದ್ದ ಒದ್ದೆ ಕೊಡೆಯನ್ನು ತಂದು ಅದಕ್ಕೆ ತೂಗುಹಾಕಿದಳು. ಕೊಡೆಯ ತುದಿಯಿಂದ ನೀರು ಹನಿದು ನೆಲದ ಮೇಲೆ ಸಣ್ಣಗೆ ಹರಿಯತೊಡಗಿತು.